ಷೇರುದಾರರ ಸಭೆಯ ಪಕ್ಕದ ಕುರ್ಚಿ

ಭಾನುವಾರದ ಪಾಠ ಮುಗಿದ ಮೇಲೆ, ಚಾಪೆಗಳ ಮೇಲೆ ಕುಳಿತಿದ್ದವರಲ್ಲಿ ಒಬ್ಬ ಶಿಷ್ಯ ಕೇಳಿದ: “ಗುರುಗಳೇ, ಈಗ ಮನೆಮನೆಯಲ್ಲೂ ಷೇರು, ಬಾಂಡು ಕೊಳ್ಳುತ್ತಿದ್ದಾರೆ. ಒಂದೊಂದು ಕಂಪನಿಗೂ ಲಕ್ಷಗಟ್ಟಲೆ ಪಾಲುದಾರರು. ಇಷ್ಟು ಜನ ಜೊತೆಗಿದ್ದ ಮೇಲೆ ಯಾರೂ ಒಂಟಿಯಲ್ಲ, ಅಲ್ಲವೇ?”

ಗುರುಗಳು ಮೀಸೆ ತಿರುವಿದರು. “ಇದಕ್ಕೊಂದು ಕತೆಯಿದೆ. ನನ್ನಷ್ಟು ಚೆನ್ನಾಗಿ ಇದನ್ನು ಹೇಳುವವರು ಏಳು ಜಿಲ್ಲೆಯಲ್ಲಿಲ್ಲ. ಎಂಟನೆಯ ಜಿಲ್ಲೆಗೆ ನಾನು ಹೋಗಿಲ್ಲ, ಅದರ ಮಾತು ಬೇಡ. ಕೇಳು.

“ಒಬ್ಬ ಗಡಿಯಾರ ರಿಪೇರಿಯವನಿದ್ದ. ಹಿಂದೆ ಮುಂದೆ ಯಾರೂ ಇರಲಿಲ್ಲ. ಫ್ಯಾನು ಮಾಡುವ ಕಂಪನಿಯೊಂದರ ಒಂದೇ ಒಂದು ಷೇರು ಅವನ ಹತ್ತಿರ ಇತ್ತು. ವರ್ಷಕ್ಕೊಮ್ಮೆ ಷೇರುದಾರರ ಸಭೆಗೆ ಕಾಗದ ಬರುತ್ತಿತ್ತು. ಅವನ ಮನೆಗೆ ಬರುತ್ತಿದ್ದ ಕಾಗದ ಅದೊಂದೇ. ಮದುವೆಗೆಂದು ಹೊಲಿಸಿ, ಮದುವೆಯಾಗದೆ ಉಳಿದ ಕೋಟು ತೊಟ್ಟು ಹೋಗುತ್ತಿದ್ದ. ವೇದಿಕೆಯಿಂದ ಅಧ್ಯಕ್ಷರು ‘ಮಾನ್ಯ ಷೇರುದಾರರೇ’ ಎಂದರೆ, ತನ್ನನ್ನೇ ಕರೆದರೆಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

“ಪಕ್ಕದ ಕುರ್ಚಿಯಲ್ಲಿ ಪ್ರತಿ ವರ್ಷವೂ ಒಬ್ಬ ಕಾಫಿಪುಡಿ ವ್ಯಾಪಾರಿ. ಸಭೆಯಲ್ಲಿ ತಿಂಡಿಯ ಡಬ್ಬಿ ಕೊಡುತ್ತಿದ್ದರು: ಒಂದು ಲಾಡು, ಎರಡು ಕೋಡುಬಳೆ. ಲಾಡು ನನ್ನ ತಲೆಯಷ್ಟಿತ್ತು; ನನ್ನ ತಲೆ ಎಷ್ಟು ದೊಡ್ಡದೆಂದು ನೀನೇ ಬಲ್ಲೆ. ಗಡಿಯಾರದವನಿಗೆ ಸಕ್ಕರೆ ಕಾಯಿಲೆ, ವ್ಯಾಪಾರಿಗೆ ಹಲ್ಲಿಲ್ಲ. ಇವನು ಲಾಡು ಕೊಡುವನು, ಅವನು ಕೋಡುಬಳೆ ಕೊಡುವನು.

“‘ಧಣಿ, ನಮ್ಮ ಫ್ಯಾನುಗಳು ಹೇಗೆ ತಿರುಗುತ್ತಿವೆ?’ ಎನ್ನುವನು ವ್ಯಾಪಾರಿ.

“‘ಮನೆಯಲ್ಲಿರುವುದು ಎರಡು ತಿಂಗಳಿಂದ ನಿಂತಿದೆ, ಧಣಿ. ಉಳಿದವು ಚೆನ್ನಾಗಿವೆ.’

“ಧಣಿ ಎಂದು ಕರೆಸಿಕೊಳ್ಳುವಾಗ ಹೆಸರು ಯಾರಿಗೆ ಬೇಕು? ಹನ್ನೊಂದು ವರ್ಷ ಇಬ್ಬರೂ ಕೇಳಲಿಲ್ಲ.

“ಆಮೇಲೆ ನೀನು ಹೇಳಿದಂತೆಯೇ ಆಯಿತು. ಬೀದಿಬೀದಿಯವರೆಲ್ಲ ಷೇರು ಕೊಂಡರು. ಅಷ್ಟು ಜನಕ್ಕೆ ಹಾಲ್ ಸಾಲದೆ ಕಂಪನಿಯವರು ಸಭೆಯನ್ನು ಫೋನಿನೊಳಗೆ ಸೇರಿಸಿದರು. ಗಡಿಯಾರದವನು ಕೋಟು ತೊಟ್ಟು, ಅಂಗಡಿಯಿಂದ ತಂದ ಲಾಡು ಪಕ್ಕದಲ್ಲಿಟ್ಟುಕೊಂಡು ಫೋನಿನ ಮುಂದೆ ಕುಳಿತ. ನಲವತ್ತು ಸಾವಿರ ಜನ ಹಾಜರಿದ್ದಾರೆ ಎಂದು ತೋರಿಸಿತು. ಅವರಲ್ಲಿ ಒಬ್ಬರ ಮುಖವೂ ಕಾಣಲಿಲ್ಲ. ಷೇರುದಾರರು ಪ್ರಶ್ನೆ ಬರೆದು ಕಳುಹಿಸಬಹುದು ಎಂದರು. ಅವನು ಬರೆದ: ‘ಕಾಫಿಪುಡಿಯವರು ಬಂದಿದ್ದಾರೆಯೇ?’

“ಉತ್ತರ ಬಂತು: ‘ಮಾನ್ಯ ಷೇರುದಾರರೇ, ನಿಮ್ಮ ಪ್ರಶ್ನೆಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ.’

“ಅವನು ಕೋಟಿನ ಗುಂಡಿ ಬಿಚ್ಚಿದ.”

ಶಿಷ್ಯನಿಗೆ ನಗು ಬಂತು. “ಎಂಥ ಪೆದ್ದ, ಗುರುಗಳೇ. ಹನ್ನೊಂದು ವರ್ಷದಲ್ಲಿ ಒಂದು ಹೆಸರು ಕೇಳಬಾರದಿತ್ತೇ?”

ಗುರುಗಳು ಶಿಷ್ಯನ ಎಡಕ್ಕೆ ಕುಳಿತಿದ್ದವರತ್ತ ನೋಡಿದರು. “ನಾಲ್ಕು ವರ್ಷದಿಂದ ಪ್ರತಿ ಭಾನುವಾರ ನಿನ್ನ ಚಾಪೆಯಲ್ಲೇ ಕೂರುವ ಇವರ ಹೆಸರೇನು?”