ತೂಬು ಎತ್ತದ ನೀರುಗಂಟಿ ದುಗ್ಗವ್ವ

ಹಿಂದೆ, ನಮ್ಮಜ್ಜನ ಅಜ್ಜನಿಗೆ ಇನ್ನೂ ಮೀಸೆ ಮೂಡದ ಕಾಲದಲ್ಲಿ, ಒಂದೂರಲ್ಲಿ ಮರೀಗೌಡ ಅಂತ ಒಬ್ಬ ಗೌಡ ಇದ್ದನಂತೆ. ಅವನು ಕಟ್ಟಿಸಿದ ಕೆರೆ ಎಂಥದ್ದು ಅಂತೀರಿ! ಏರಿಯಿಂದ ಹಾರಿದ ಕೊಕ್ಕರೆ ಮರಿ ಆಚೆ ದಡ ಮುಟ್ಟುವಷ್ಟರಲ್ಲಿ ಮುದಿಯಾಗುತ್ತಿತ್ತಂತೆ. ಸುಳ್ಳು ಅನ್ನುವವರು ಹಾರಿ ನೋಡಲಿ.

ಏರಿಯ ತೂಬು ಎತ್ತಿ ಆ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ದುಗ್ಗವ್ವ. ಗೌಡ ಒಂದು ದಿನ ಅವಳನ್ನು ಕರೆದನಂತೆ.

"ದುಗ್ಗೀ, ನನಗೆ ಬುದ್ಧಿ ನೆಟ್ಟಗಿರೋ ತನಕ ನಾನು ಹೇಳಿದಾಗ ತೂಬು ಎತ್ತು. ಬುದ್ಧಿ ಕೆಟ್ಟ ಮೇಲೆ ನನ್ನ ಮಾತೂ ಕೇಳಬೇಡ. ಅಪ್ಪ ಅಮ್ಮ ಇಲ್ಲದ ನನ್ನ ಹೆಣ್ಣು ಮೊಮ್ಮಕ್ಕಳ ಗದ್ದೆ ಕಾಲುವೆ ಕೊನೇಲಿದೆ. ನೀರು ಅವರದು. ನನ್ನ ಗಂಜಿಯೂ ಅದರಲ್ಲೇ ಬೇಯಲಿ."

"ಆಗಲಿ ಗೌಡ್ರೇ" ಅಂದು ದುಗ್ಗವ್ವ ಕೆರೆ ನೀರು ಮುಟ್ಟಿ ಮಾತು ಕೊಟ್ಟಳಂತೆ.

ಹೀಗಿರುವಾಗ ತಾಳೆಹಣ್ಣೊಂದು ಗೌಡನ ನೆತ್ತಿ ಮೇಲೆ ಬಿತ್ತು. ಹಣ್ಣು ಎರಡು ಹೋಳು, ಬುದ್ಧಿ ನೂರು ಚೂರು. ಅಂದಿನಿಂದ ಯಾರು ಏನು ಕೇಳಿದರೂ "ಹ್ಞೂಂ, ಮಾಡು" ಅನ್ನುವುದೊಂದೇ ಮಾತು.

ದುಗ್ಗವ್ವ ಮೊಮ್ಮಕ್ಕಳನ್ನು ಏರಿಗೆ ಕರೆದಳು. ನೀರು ತೋರಿಸಿ, "ಇನ್ನು ನಾನು ಲೆಕ್ಕ ಒಪ್ಪಿಸೋದು ನಿಮಗೆ ಕಣ್ರವ್ವಾ" ಅಂದಳು.

ಗೌಡನ ಭಾವಮೈದ ಕೆಂಚಯ್ಯ ಬಿಟ್ಟಾನೆಯೇ? ಕೆರೆಯನ್ನೆಲ್ಲ ತನ್ನ ಕಬ್ಬಿಗೆ ಬಸಿದುಕೊಳ್ಳಲು ಗೌಡನ ಕೈಹಿಡಿದು ಏರಿಗೆ ಕರೆತಂದ.

"ಭಾವ, ತೂಬು ಎತ್ತಿಸಲಾ?"

"ಹ್ಞೂಂ, ಮಾಡು."

"ಕೇಳಿಸ್ತೇನೇ ದುಗ್ಗೀ? ಎತ್ತು!"

"ಎತ್ತಲ್ಲ."

ಮಾರನೇ ದಿನ ಬಂದ. ಎತ್ತಲ್ಲ. ಅದರ ಮಾರನೇ ದಿನ ಬಂದ. ಎತ್ತಲ್ಲ ಅಂದರೆ ಎತ್ತಲ್ಲ. ಕೊನೆಗೆ ಕೆಂಚಯ್ಯ ಗೌಡನ ಜೊತೆಗೆ ರಾಜನನ್ನೇ ಕರೆತಂದ.

"ಯಜಮಾನನ ಮಾತು ಮೀರ್ತೀಯಾ? ತಲೆ ತೆಗೆಸ್ತೀನಿ!" ಅಂತ ರಾಜ ಗುಡುಗಿದ.

ದುಗ್ಗವ್ವ ತೂಬಿನ ಮೇಲೇ ಚಕ್ಕಂಬಕ್ಕಳ ಹಾಕಿ ಕೂತಳಂತೆ.

"ತೆಗೆಸಿ ಮಾಸ್ವಾಮಿ. ತಲೆ ಹೋದರೂ ಈ ಮೈ ಇಲ್ಲಿಂದ ಏಳಲ್ಲ. ಬುದ್ಧಿ ಇದ್ದಾಗ ಅವರು ಕೊಟ್ಟ ಅಪ್ಪಣೆಯೇ ಅಪ್ಪಣೆ, ನೀರು ಅವರ ಮೊಮ್ಮಕ್ಕಳದು. ಅನುಮಾನ ಇದ್ದರೆ ನಾನೂ ಒಂದು ಕೇಳ್ತೀನಿ, ನೋಡಿ. ಗೌಡ್ರೇ, ಈ ದೊರೆ ಕಿರೀಟ ಕಿತ್ತು ಕತ್ತೆಗೆ ಹಾಕಲಾ?"

"ಹ್ಞೂಂ, ಮಾಡು."

"ದೊರೇನ ಆ ಕತ್ತೆ ಹಿಂದೆ ನಡೆಸಲಾ?"

"ಹ್ಞೂಂ, ಮಾಡು."

"ಕೇಳಿಸ್ತಾ ಮಾಸ್ವಾಮಿ? ಯಜಮಾನರ ಮಾತು! ಮೊದಲು ನೀವು ನಡೆಸಿಕೊಡಿ, ಆಮೇಲೆ ನಾನು ತೂಬು ಎತ್ತುತ್ತೀನಿ."

ರಾಜ ಎರಡೂ ಕೈಲಿ ಕಿರೀಟ ಹಿಡಿದುಕೊಂಡನಂತೆ. ಹಿಂದೆ ನಿಂತಿದ್ದ ಸೈನಿಕರು ನಗು ತಡೆಯಲಾರದೆ ಮೀಸೆ ಕಚ್ಚಿಕೊಂಡರಂತೆ.

"ಕೆಂಚಯ್ಯ, ನಡಿ ಮನೆಗೆ. ನೀರು ಆ ಮಕ್ಕಳದು" ಅಂದ ರಾಜ.

ಆ ವರ್ಷ ಕೊನೆಗದ್ದೆಯ ಭತ್ತ ಆನೆ ಮುಳುಗುವಷ್ಟು ಎತ್ತರ ಬೆಳೆಯಿತಂತೆ. ಅವರು ಅಲ್ಲಿ ಉಂಡು ತಣ್ಣಗಿದ್ದರು, ನಾವು ಇಲ್ಲಿ ಕೇಳಿ ಬೆಚ್ಚಗಿದ್ದೀವಿ.