ಹಲಗೆಯ ಕೆಳಮೈ

"ಗುರುಗಳೇ, ಗುರು ಹೇಳಿದ ಮಾತನ್ನು ಕೂದಲೆಳೆಯಷ್ಟೂ ತಪ್ಪದೆ ನಡೆಸಿದವನಿಗೆ ಕೆಡುಕಾದರೆ ತಪ್ಪು ಯಾರದು? ಮಾತಿನದೋ, ನಡೆಸಿದವನದೋ?"

ಹೀಗೆ ಕೇಳಿದವನು ಅಡಿವೆಯ್ಯ. ಅವನು ಮಠ ಸೇರಿ ಆರು ವರ್ಷವಾಗಿತ್ತು. ಸೇರಿದ ಹೊಸತರಲ್ಲಿ ಒಬ್ಬ ಕುಡುಕ ಮಠದ ಬಾಗಿಲಿಗೆ ಬಂದು ಅವನನ್ನು ಬಾಯಿಗೆ ಬಂದಂತೆ ಬೈದಿದ್ದ. ಅಡಿವೆಯ್ಯ ಹೊಡೆಯಲು ಕೈ ಎತ್ತಿಕೊಂಡು ಹೋಗಿದ್ದ. ಗುರುಗಳು ಅವನ ಕೈ ಹಿಡಿದು, "ಬೈದವರಿಗೆ ಎದುರು ಮಾತಾಡಬೇಡ. ತಲೆ ತಗ್ಗಿಸಿ ನಿಲ್ಲು" ಎಂದಿದ್ದರು. ಅಂದಿನಿಂದ ಅವನು ಹಾಗೆಯೇ ನಿಂತಿದ್ದ.

ಈಗ ಬೈಯುತ್ತಿದ್ದವಳು ಅವನ ಅಕ್ಕ ಕಾಶವ್ವ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಹೋದ ತಿಂಗಳು ಅವಳ ಮಗಳ ಮದುವೆಯಾಗಿತ್ತು. ಸೋದರಮಾವನ ಜಾಗ ಖಾಲಿ ಉಳಿದಿತ್ತು. ಅಡಿವೆಯ್ಯ ಮಠದಲ್ಲಿ ಅನುಷ್ಠಾನಕ್ಕೆ ಕೂತಿದ್ದ, ಬರಲಾಗದು ಎಂದು ಒಂದು ಮಾತನ್ನೂ ಹೇಳಿ ಕಳಿಸಿರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಲು ಕಾಶವ್ವ ಎರಡು ಸಲ ಬಂದಳು. ಎರಡು ಸಲವೂ ಅವನು ತಲೆ ತಗ್ಗಿಸಿ ನಿಂತ. ಇವತ್ತು ಮೂರನೆಯ ಸಲ.

"ಬಾಯಿ ಬಿಡವಲ್ಲಿ ನೀನು. ನಾ ಏನು ಗ್ವಾಡಿ ಕೂಡ ಮಾತಾಡಾಕ ಬಂದೀನೇನು? ನಾಕು ಗಂಟೆ ಬಸ್ಸಿಗೆ ಹೊಕ್ಕೀನಿ. ಅಷ್ಟ್ರಾಗ ನೀ ಒಂದು ಮಾತು ಆಡಲಿಲ್ಲಂದ್ರ ನನಗ ತಮ್ಮ ಇಲ್ಲ ಅಂತ ತಿಳಕೋತೀನಿ."

ಹಾಗೆಂದು ಅವಳು ಮಠದ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಅಡಿವೆಯ್ಯನಿಗೆ ದಿಕ್ಕು ತೋಚಲಿಲ್ಲ. ಮಾತಾಡಿದರೆ ಗುರುವಿನ ಮಾತು ಮುರಿಯುತ್ತದೆ, ಆಡದಿದ್ದರೆ ಅಕ್ಕ ಹೋಗುತ್ತಾಳೆ. ಒಳಗೆ ಬಂದು ಗುರುಗಳ ಮುಂದೆ ಕೂತ. ಅವನು ಕೇಳಿದ್ದನ್ನು ಕೇಳಿಸಿಕೊಂಡು ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಅವನ ಕೆಲಸದ ಬಗ್ಗೆ ಎರಡು ಮಾತಿರಲಿಲ್ಲ. ಮರದ ಎಳೆ ನೋಡಿ ಯಾವ ಕಡೆಯಿಂದ ಉಳಿ ಹಿಡಿಯಬೇಕು ಎಂದು ಹೇಳುತ್ತಿದ್ದ. ಅವನ ಗುರು ಅವನಿಗೆ ಒಂದು ಮಾತು ಕಲಿಸಿದ್ದ: "ಹಲಗೆಯ ಮೇಲ್ಮೈಗೆ ಎಷ್ಟು ಬೇಕಾದರೂ ಬಣ್ಣ ಹಚ್ಚು, ಕೆಳಮೈಯನ್ನು ಬರಿದಾಗಿ ಬಿಡು. ಮರ ಉಸಿರಾಡಬೇಕು." ಹಾಗೆ ಬರಿದಾಗಿ ಬಿಟ್ಟ ಕೆಳಮೈಯಲ್ಲಿ ಗುರು ಪೆನ್ಸಿಲ್‌ನಿಂದ ಸಣ್ಣದೊಂದು ತ್ರಿಕೋನ ಬರೆಯುತ್ತಿದ್ದ. ಅದು ಅವನ ಕೈಯ ಗುರುತು. ಶಿಷ್ಯನೂ ಅದನ್ನೇ ಬರೆಯುತ್ತ ಬಂದ. ಯಾರ ಕಣ್ಣಿಗೂ ಬೀಳದ ಆ ಗುರುತನ್ನು ಬರೆಯದೆ ಅವನು ಒಂದು ಹಲಗೆಯನ್ನೂ ಮನೆಯಿಂದ ಆಚೆ ಕಳಿಸಿದವನಲ್ಲ.

ಒಂದು ದಿನ ಒಬ್ಬ ಹೆಂಗಸು ಅವನನ್ನು ಕರೆಸಿದಳು. ಅವಳ ಹೊಸ ಮನೆಯಲ್ಲಿ ನಾಲ್ಕು ಕಿಟಕಿ. ಕಿಟಕಿಗಳ ಒಳಬದಿಯ ಕಟ್ಟೆಗೆ ಹಾಸಲು ಹಲಗೆ ಬೇಕು, ಅದೂ ಕಾರ್ಖಾನೆಯಲ್ಲಿ ಮಾಡಿದ ಎಂಡಿಎಫ್ ಹಲಗೆಯೇ ಬೇಕು ಎಂದಳು. ಅದು ನುಣುಪು, ಅದಕ್ಕೆ ಗಂಟಿಲ್ಲ, ಬಿರುಕಿಲ್ಲ, ಬಣ್ಣ ಚೆನ್ನಾಗಿ ಕೂರುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು.

ಬಡಗಿ ಹಲಗೆ ತಂದ. ಅಳೆದು ಗೆರೆ ಎಳೆದು ಕೊಯ್ದ. ಮರ ಕೊಯ್ದರೆ ಹೊಟ್ಟು ಬೀಳುತ್ತದೆ, ಇದನ್ನು ಕೊಯ್ದರೆ ಹಿಟ್ಟು ಬಿತ್ತು. ಎಳೆ ಯಾವ ಕಡೆ ಓಡಿದೆ ಎಂದು ನೋಡಿದ. ಎಳೆಯೇ ಇರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದ, ಎಲ್ಲ ಕಡೆಯೂ ಒಂದೇ ಥರ. ಅವನಿಗೆ ಸ್ವಲ್ಪ ಗಲಿಬಿಲಿಯಾಯಿತು. ಆದರೂ ಹಲಗೆ ಹಲಗೆಯೇ ತಾನೆ ಎಂದುಕೊಂಡು ಅಂಚನ್ನು ದುಂಡು ಮಾಡಿ, ಉಜ್ಜಿ, ಮೇಲ್ಮೈಗೆ ಬಣ್ಣ ಹಚ್ಚಿದ. ಕೆಳಮೈಯನ್ನು ಬರಿದಾಗಿ ಬಿಟ್ಟ. ತ್ರಿಕೋನ ಬರೆದ. ಕಿಟಕಿಗೆ ಕೂರಿಸಿ ಕೈ ಮುಗಿದು ಬಂದ.

ಮಳೆಗಾಲ ಬಂತು. ಹಲಗೆಗಳು ಉಬ್ಬಿದವು.

ಬಡಗಿ ಹಲಗೆಗಳನ್ನು ಕಿತ್ತು ಹೊಸದಾಗಿ ಕೊಯ್ದ. ಕೊಯ್ದ ಅಂಚು ನೀರು ಕುಡಿಯುತ್ತದೆ ಎಂದು ಯಾರೋ ಹೇಳಿದರು. ನಿಜವೇ ಇತ್ತು. ಅಂಚಿಗೆ ಪ್ರೈಮರ್ ಹಚ್ಚಿದರೆ ಕ್ಷಣದಲ್ಲಿ ಹೀರಿಕೊಳ್ಳುತ್ತಿತ್ತು. ಹಚ್ಚಿದ, ಒಣಗಿಸಿದ, ಉಜ್ಜಿದ, ಮತ್ತೆ ಹಚ್ಚಿದ. ಮೂರು ಸಲ ಹಾಗೆ ಮಾಡಿ ಮೇಲೆ ಬಣ್ಣ ಬಳಿದ. ಹಲಗೆಗಳು ಮತ್ತೆ ಉಬ್ಬಿದವು.

ಅವನು ಬಣ್ಣ ಬದಲಿಸಿದ. ಅಂಗಡಿ ಬದಲಿಸಿದ. ಕಿಟಕಿಗೂ ಹಲಗೆಗೂ ನಡುವಿನ ಸಂದಿಯನ್ನು ನೀರು ಇಳಿಯದಂತೆ ಲಪ್ಪ ಮೆತ್ತಿ ಮುಚ್ಚಿದ. ಅನುಮಾನ ಬಣ್ಣದ ಮೇಲೆ ಬಂತು, ಅಂಗಡಿಯವನ ಮೇಲೆ ಬಂತು, ಕಿಟಕಿ ತೊಳೆಯುವ ಕೆಲಸದವಳ ಮೇಲೂ ಬಂತು. ಗುರುವಿನ ಮಾತಿನ ಮೇಲೆ ಮಾತ್ರ ಬರಲಿಲ್ಲ. ಮೂರನೆಯ ಸಲವೂ ಹಲಗೆ ಉಬ್ಬಿದಾಗ ಅವನು ಅದರ ಮುಂದೆ ಕೂತು, ಒಂದು ಚೊಂಬು ನೀರನ್ನು ಮೇಲೆ ಸುರಿದು ನೋಡಿದ. ನೀರು ಜಾರಿ ನೆಲಕ್ಕೆ ಬಿತ್ತು. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಮೇಲಿಂದ ನೀರು ಹೋಗುವುದಿಲ್ಲ, ಹಲಗೆ ನೀರು ಕುಡಿಯುವುದು ಬಿಡುವುದಿಲ್ಲ. ಅವನ ತಲೆ ಕೆಟ್ಟುಹೋಯಿತು.

ಮನೆಯ ಹೆಂಗಸು ಬೈಯಲಿಲ್ಲ. "ಇರಲಿ ಬಿಡಪ್ಪಾ, ನಿನ್ನ ಕೈಯಾಗ ಆಗಲಿಲ್ಲ. ಕಲ್ಲು ಹಾಸಿಸ್ತೀನಿ" ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನಿಗೆ ಅಳು ಬಂತು. ಮನೆಗೆ ಬಂದು ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಇನ್ನು ಮರ ಮುಟ್ಟುವುದಿಲ್ಲ ಎಂದುಕೊಂಡ. ಆದರೆ ಬಿಡುವ ಮುಂಚೆ ಗುರುವಿಗೆ ಹೇಳಬೇಕಲ್ಲ? ಉಬ್ಬಿದ ಹಲಗೆಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಗುರುವಿನ ಮನೆಗೆ ಹೋದ.

ಗುರುವಿಗೆ ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತು. ಹಲಗೆಯ ಮೇಲೆ ಕೈಯಾಡಿಸಿ, "ಚಲೋ ಮಾಡೀದಿ" ಎಂದ. ಆಮೇಲೆ ಹಲಗೆ ಮಗುಚಿ ಕೆಳಮೈಯನ್ನು ಮುಟ್ಟಿದ. ಬೆರಳು ಅಲ್ಲೇ ನಿಂತಿತು. ಕೆಳಮೈ ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗಾಗಿತ್ತು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದ.

"ಇದು ಯಾವ ಮರಲೇ?"

"ಮರ ಅಲ್ರಿ. ಮರದ ಹಿಟ್ಟಿಗೆ ಅಂಟು ಕಲಸಿ ಒತ್ತಿದ್ದು."

"ಮತ್ತ ಕೆಳಮೈ ಯಾಕ ಬರಿದು ಬಿಟ್ಟಿ? ಗ್ವಾಡಿ ತಂಪೆಲ್ಲಾ ಇದ ಕುಡದೈತಿ."

"ಮರ ಉಸಿರಾಡಬೇಕು, ಬರಿದು ಬಿಡು ಅಂತ ನೀವ ಹೇಳಿದ್ರಲ್ರಿ."

"ನಾ ಹಂಗ ಹೇಳೂ ಹೊತ್ನಾಗ ನಿನ್ನ ಕೈಯಾಗ ಏನಿತ್ತು?"

ಬಡಗಿ ನೆನಪು ಮಾಡಿಕೊಂಡ. "ಸಾಗವಾನಿ ಹಲಗಿ ಇತ್ರಿ" ಎಂದ.

ಗುರು ಹಲಗೆಯನ್ನು ಮಡಿಲ ಮೇಲೆ ಎಳೆದುಕೊಂಡ. ಮೂಲೆಯಲ್ಲಿದ್ದ ಪ್ರೈಮರ್ ಡಬ್ಬಿ ತರಿಸಿ ಮುಚ್ಚಳ ತೆಗೆಸಿದ. ಬ್ರಷ್ ಅದ್ದಿ, ತಡವರಿಸುತ್ತ, ತನ್ನ ಗುರುತಿದ್ದ ಜಾಗವನ್ನು ಕಣ್ಣಿಗೆ ಹತ್ತಿರ ಹಿಡಿದು ಹುಡುಕಿದ. ತ್ರಿಕೋನದ ಮೇಲೆ ತಾನೇ ಬಣ್ಣ ಬಳಿದ. ಅದು ಪೂರ್ತಿ ಮುಚ್ಚುವ ತನಕ ಬಳಿದ. ಬಡಗಿಗೆ ನೋಡಲಾಗಲಿಲ್ಲ. ಗುರುವಿನ ಕೈ ಹಿಡಿಯಬೇಕು ಅನ್ನಿಸಿತು, ಹಿಡಿಯಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ. ಗುರುವಿನ ಮಾತು ನಿಜವೋ, ಸುಳ್ಳೋ? ನಿಜವಾಗಿದ್ದರೆ ಹಲಗೆ ಯಾಕೆ ಉಬ್ಬಿತು? ಸುಳ್ಳಾಗಿದ್ದರೆ ಮೂವತ್ತು ವರ್ಷ ತಾನು ಮಾಡಿದ ಸಾಗವಾನಿ ಹಲಗೆಗಳು ಯಾಕೆ ಇನ್ನೂ ನೆಟ್ಟಗಿವೆ? ಮನೆಗೆ ಬಂದು ಅಟ್ಟದ ಮೇಲಿನ ಗಂಟು ಇಳಿಸಿದ. ಆ ಹೆಂಗಸಿನ ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಬೇಡಿಕೊಂಡು ಕಡೆಯದಾಗಿ ಒಂದು ಸಲ ಎಂದು ಒಪ್ಪಿಸಿದ. ಹೊಸ ಹಲಗೆ ಕೊಯ್ದು ಮೇಲೆ, ಕೆಳಗೆ, ನಾಲ್ಕು ಅಂಚಿಗೆ, ಎಲ್ಲ ಕಡೆ ಬಣ್ಣ ಹಚ್ಚಿದ. ತ್ರಿಕೋನ ಬರೆಯಲು ಜಾಗ ಉಳಿಯಲಿಲ್ಲ. ಮುಂದಿನ ಮಳೆಗಾಲ ಬಂದು ಹೋಯಿತು, ಹಲಗೆಗಳು ಕೂರಿಸಿದ ಹಾಗೇ ಇದ್ದವು.

ಕತೆ ಮುಗಿಯಿತು. ಅಡಿವೆಯ್ಯನಿಗೆ ಇನ್ನೂ ಗೊಂದಲ. ಬಡಗಿಗೆ ಆದದ್ದಕ್ಕಿಂತ ಹೆಚ್ಚೇ ಆಗಿತ್ತು. ಊರ ಆಚೆ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು. ಕಟ್ಟೆಯ ಮೇಲಿಂದ ಕಾಶವ್ವ ಎದ್ದು ಸೀರೆ ಕೊಡವಿಕೊಂಡಳು.

"ಹಾಗಾದರೆ ಗುರುಗಳೇ, ತಾವು ನನಗೆ ಹೇಳಿದ ಮಾತು..." ಎಂದು ಅವನು ಶುರುಮಾಡಿದ.

ಗುರುಗಳು ಬಾಗಿಲ ಕಡೆ ನೋಡಿ ಹೇಳಿದರು: "ಎದುರು ಮಾತಾಡಬೇಡ ಎಂದು ನಾನು ಹೇಳಿದ್ದು ಕುಡುಕನ ಮುಂದೆ, ಅಲ್ಲಿ ಎದ್ದು ನಿಂತವಳು ನಿನ್ನ ಅಕ್ಕ."