ಕೂತಲ್ಲೇ ಕೂರುವ ಡೆಸ್ಕ್‌ಟಾಪ್

ಅಂಗಡಿಯ ಡೆಸ್ಕ್‌ಟಾಪಿಗೆ ಒಳಗೊಳಗೇ ಅಳುಕು. ಇಂದು ಮಾರಾಟವಾಗದಿದ್ದರೆ ನಾಳೆ ಗೋದಾಮೇ ಗತಿ, ಅಂದರೆ ಬರೀ ಕತ್ತಲೆ. ಅಷ್ಟರಲ್ಲಿ ಕಾಲೇಜು ಸೇರಲಿದ್ದ ಚಾರ್ವಿ ತಾಯಿಯೊಡನೆ ಬಂದಳು.

ಪಕ್ಕದ ಲ್ಯಾಪ್‌ಟಾಪ್ ಬೀಗಿತು: “ನಾನು ನಿನ್ನ ಜೊತೆ ಕ್ಯಾಂಟೀನಿಗೂ ಬರುತ್ತೇನೆ, ಗೆಳತಿಯರ ಮನೆಗೂ ಬರುತ್ತೇನೆ. ಈ ದಡಿಯ ಬರುತ್ತಾನೆಯೇ?”

ಡೆಸ್ಕ್‌ಟಾಪ್ ಸುಳ್ಳು ಹೇಳಲಿಲ್ಲ. “ಇಲ್ಲಮ್ಮ, ನಾನು ಕೂತಲ್ಲೇ ಕೂರುವವನು. ಕೆಲಸವಿದ್ದರೆ ನೀನೇ ಬಂದು ನನ್ನೆದುರು ಕೂರಬೇಕು.”

ಚಾರ್ವಿಯ ಕೈ ಲ್ಯಾಪ್‌ಟಾಪಿನತ್ತ ಚಾಚಿತು. ತಾಯಿ ನಕ್ಕರು: “ಕಾಲೇಜಲ್ಲಿ ಲ್ಯಾಬ್ ಇದೆ. ನಿನ್ನ ಕಾಲಲ್ಲಂತೂ ಮೊದಲೇ ಚಕ್ರ ಇದೆ ಕಣೇ. ತಿರುಗೋಕೆ ಇನ್ನೊಂದು ಜೊತೆ ಬೇಕಾ?”

ಚಾರ್ವಿಗೂ ನಗು ಬಂತು. “ಹಾಗಾದ್ರೆ ನನ್ನನ್ನು ಕೂರಿಸೋನೇ ಬರಲಿ ಬಿಡಮ್ಮ.”

ಕೂತಲ್ಲೇ ಕೂರುವ ಡೆಸ್ಕ್‌ಟಾಪ್ ಅಂದು ಆಟೋದಲ್ಲಿ, ಚಾರ್ವಿಯ ತೊಡೆಯ ಮೇಲೆ ಕೂತು, ಊರೆಲ್ಲ ನೋಡುತ್ತ ಮನೆಗೆ ಹೋಯಿತು.